ಕರಗಿದ್ದು ಹೋಗಿಲ್ಲ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ಕೈಗಡಿಯಾರ ಯಾವಾಗಲೂ ಎರಡು ನಿಮಿಷ ಮುಂದೆ ಓಡುತ್ತದೆ, ಆದ್ದರಿಂದ ಹನ್ನೊಂದು ಎಂಟು ಎನ್ನಬೇಕು. ಆ ಎರಡು ನಿಮಿಷ ಕಳೆಯುವುದರಿಂದ ಈಗ ಯಾರಿಗೂ ಏನೂ ಆಗಬೇಕಿಲ್ಲ. ಆದರೂ ಪ್ರತಿ ಸಲ ಕಳೆಯುತ್ತೇನೆ. ಚನ್ನಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಒಂದು ಮನೆಯ ಜಗುಲಿಯ ಮೇಲೆ ಕೂತು ಕಾಫಿ ಲೋಟವನ್ನು ಆಗಷ್ಟೇ ಕೈಗೆ ತೆಗೆದುಕೊಂಡಿದ್ದೆ. ಮನೆಯೊಡೆಯ ನಂಜಪ್ಪ ಎದುರಿಗೆ ಕೂತಿದ್ದ. ಹಿಂದಿನ ಶೆಡ್ಡಿನಿಂದ ಅವನ ಹೆಂಡತಿ ಚಿಕ್ಕತಾಯಮ್ಮನ ದನಿ ಕೇಳಿತು.

"ಇದೇನಿದು, ಒಲೆ ಇಲ್ದೆ ಕುದೀತಾ ಐತಲ್ಲ!"

"ನಿನ್ನ ಬಾಯಿ ತಾಗೈತೆ ಬುಡು, ಅದುಕ್ಕೆ ಕುದೀತೈತೆ" ಎಂದು ನಂಜಪ್ಪ ಕೂತಲ್ಲಿಂದಲೇ ಕೂಗಿದ.

ನಾನು ನಕ್ಕೆ. ಆ ನಗುವನ್ನು ಬಿಟ್ಟು ಬರೆದರೆ ಇದನ್ನು ಬರೆಯುವ ಅಗತ್ಯವೇ ಇಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಓದಲಿ ಎಂದು ಬರೆಯುತ್ತಿದ್ದೇನೆ. ನಾನು ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ರೇಷ್ಮೆಯ ಕೆಲಸಕ್ಕೆ ಬಂದವನು. ಹುಳು ಸಾಕುವವರಿಗೂ ನೂಲು ಬಿಚ್ಚುವವರಿಗೂ ಊರೂರಿಗೆ ಹೋಗಿ ಹೇಳಿಕೊಡುವುದು, ಮಾಡಿ ತೋರಿಸುವುದು ನನ್ನ ಕೆಲಸವಾಗಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಬಿಟ್ಟು ಆಚೆಗೆ ನನಗೆ ವರ್ಗವಾಗಲಿಲ್ಲ. ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದು ಸೇವಾ ಪುಸ್ತಕದಲ್ಲಿದೆ. ಇಲ್ಲಿ ಅದು ಬೇಡ.

ಸೇರಿದ ಹೊಸದರಲ್ಲಿ ಮಾಗಡಿ ಕಡೆಯ ಕಲ್ಯಕ್ಕೆ ಹೋಗಿದ್ದೆ. ಒಂದು ಬೆಳೆ ಹುಳು ಗೂಡು ಕಟ್ಟಿ ಮುಗಿದ ಮೇಲೆ ಹುಳುಮನೆಯನ್ನು ತೊಳೆದು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದ ನೀರು ಹೊಡೆದು ರೋಗ ಕಳೆಯಬೇಕು. ಅಂಗಳದಲ್ಲಿ ಒಬ್ಬ ಅಜ್ಜಿ ಹಳೆಯ ಕಡಾಯಿಗೆ ಸುಟ್ಟ ಸುಣ್ಣದ ಹರಳು ಹಾಕಿ ನೀರು ಹೊಯ್ದಳು. ಅದು ಬುಸುಗುಟ್ಟಿ, ಒಡೆದು, ಕೊತಕೊತ ಕುದಿಯತೊಡಗಿತು. ನಾನು ಕಾಲೇಜಿನ ಬಿಸಿಯಲ್ಲೇ ಇದ್ದೆ. "ಇದು ರಾಸಾಯನಿಕ ಬದಲಾವಣೆ ಅಜ್ಜಿ. ಇದ್ದ ವಸ್ತು ಹೋಗಿ ಬೇರೆ ವಸ್ತು ಆಗುತ್ತೆ" ಎಂದೆ.

"ಅದೇನಾರ ಆಗ್ಲಿ ಕನಪ್ಪ, ನೀನು ಒಸಿ ಹಿಂದಕ್ಕೆ ನಿಂತ್ಕೊ. ಒಲೆ ಮ್ಯಾಲೆ ಕುದಿಯೋದು ಒಲೆ ಆರ್ಸುದ್ರೆ ನಿಂತೋಯ್ತದೆ. ಒಲೆ ಇಲ್ದೆ ಕುದಿಯೋದುನ್ನ ಯಾವನು ಆರ್ಸಾನು?"

ಅವತ್ತೂ ನಕ್ಕಿದ್ದೆ. ತಮಾಷೆಯ ಮಾತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಮೂರು ವರ್ಷ ಕಾಲೇಜಿನಲ್ಲಿ ಕೂತವನಿಗೆ ಇಡೀ ಪಾಠವನ್ನು ಆ ಮುದುಕಿ ಎರಡು ಮಾತಿನಲ್ಲಿ ಕೊಟ್ಟಿದ್ದಳು. ನಾನದನ್ನು ಮೂವತ್ತು ವರ್ಷ ಡೈರಿಯಲ್ಲೇ ಬಿಟ್ಟೆ.

ನನ್ನ ಮೊದಲ ದೊಡ್ಡ ತಪ್ಪು ಕನಕಪುರದಲ್ಲಿ ಆಯಿತು. ಗೂಡಿನ ಎಳೆಗಳನ್ನು ಹುಳುವಿನ ಅಂಟು ಹಿಡಿದಿಟ್ಟಿರುತ್ತದೆ. ಬಿಸಿನೀರಿಗೆ ಹಾಕಿದರೆ ಅಂಟು ಮೆತ್ತಗಾಗಿ ಎಳೆ ಬಿಡುತ್ತದೆ, ನೂಲು ರಾಟೆಯ ಮೇಲೆ ಒಣಗುವಾಗ ಅದೇ ಅಂಟು ಮತ್ತೆ ಗಟ್ಟಿಯಾಗಿ ಎಳೆಗಳನ್ನು ಒಂದು ಮಾಡುತ್ತದೆ. ಬೇಗ ಬಿಡಲಿ ಎಂದು ಅಲ್ಲಿನ ನೂಲು ಬಿಚ್ಚುವ ರೀಲರ್ ಒಬ್ಬರ ಬಾಣಲೆಗೆ ನಾನು ಬಟ್ಟೆ ಸೋಡ ಹಾಕಿಸಿದೆ. ಅಂಟು ಬೇಗ ಬಿಟ್ಟಿತು, ಮತ್ತೆ ಬರಲೇ ಇಲ್ಲ. ಆ ದಿನದ ಗೂಡೆಲ್ಲ ನೂಲಾಗದೆ ನವಿರು ನವಿರಾಗಿ ಬಾಣಲೆಯಲ್ಲಿ ತೇಲಿತು.

ಅವರು ಅದನ್ನು ಕೋಲಿನಿಂದ ಎತ್ತಿ ಹಿಡಿದು, "ಸಾ, ನೀವು ಓದಿರೋದು ರೇಷ್ಮೆನೋ ಹತ್ತಿನೋ?" ಎಂದು ಎಲ್ಲರ ಮುಂದೆ ಕೇಳಿದರು. ಆ ಮೇಲೆ ಎಷ್ಟೋ ವರ್ಷ ಕನಕಪುರದ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ "ಹತ್ತಿ ಸಾಹೇಬ್ರು ಬಂದ್ರು" ಎನ್ನುತ್ತಿದ್ದರು.

ಅವಮಾನ ಒಳ್ಳೆಯದನ್ನೇ ಮಾಡಿತು ಎಂದುಕೊಂಡೆ. ತರಬೇತಿಗೆ ಹೊಸ ಪಾಠ ಕಟ್ಟಿದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಚ್ಚುವ ಅರಗಿನ ಕಡ್ಡಿಯೊಂದನ್ನು ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಮೇಣದ ಬತ್ತಿಗೆ ಹಿಡಿದು ಕರಗಿಸಿ, ಆರಿಸಿ, ಮತ್ತೆ ಗಟ್ಟಿಯಾದದ್ದನ್ನು ಕೈಗೆ ಕೊಡುತ್ತಿದ್ದೆ. "ರೂಪ ಬದಲಾಯಿತು, ವಸ್ತು ಅದೇ. ಇದು ಭೌತ ಬದಲಾವಣೆ." ಆಮೇಲೆ ಒಂದು ಲೋಟ ನೀರಿಗೆ ಸಕ್ಕರೆ ಹಾಕಿ ಕಲಕುತ್ತಿದ್ದೆ.

"ಸಕ್ಕರೆ ಎಲ್ಲಿ?"

"ಕರಗೋಯ್ತು ಸಾ."

"ಕರಗಿತು. ಹೋಯಿತೋ? ಕುಡಿದು ನೋಡಿ."

ಯಾರಾದರೂ ಕುಡಿದು "ಐತೆ ಸಾ, ಇಲ್ಲೇ ಐತೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆಮೇಲೆ ಒಂದು ಕಾಗದ ಸುಟ್ಟು ಬೂದಿ ತೋರಿಸಿ, ಇದು ಹಿಂದಕ್ಕೆ ಬರುವುದಿಲ್ಲ, ಇದು ರಾಸಾಯನಿಕ ಬದಲಾವಣೆ ಎನ್ನುತ್ತಿದ್ದೆ. ಪಾಠ ಜನಪ್ರಿಯವಾಯಿತು. ಚಿಕ್ಕತಾಯಮ್ಮ ಅಂಥ ಒಂದು ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಸಕ್ಕರೆ ನೀರು ಕುಡಿದವಳು. ಏಳನೆಯ ತರಗತಿವರೆಗೆ ಓದಿದ್ದಳು, ಹೇಳಿದ್ದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಚರಕದ ಕಾಲದಲ್ಲಿ ಬಾಣಲೆಗೆ ಹತ್ತಿದ ಕೊಳೆಯನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದರು, ಕೆರೆ ನೀರು ಸಾಕಾಗುತ್ತಿತ್ತು. ಆಮೇಲೆ ಗೂಡು ಬೇಯಿಸುವ ಬೇಸಿನ್ನು, ಬಾಯ್ಲರು, ಪೈಪು ಬಂದವು. ಬೋರು ಆಳಕ್ಕೆ ಇಳಿದಷ್ಟೂ ನೀರು ಗಡಸಾಯಿತು. ಬೇಸಿನ್ನಿಗೂ ನೀರು ತುಂಬುವ ನೆಲದೊಳಗಿನ ತೊಟ್ಟಿಗೂ ಬಿಳಿ ಪದರ ಕಟ್ಟತೊಡಗಿತು. ಜನ ಅದನ್ನು ಉಪ್ಪು ಎನ್ನುತ್ತಾರೆ. ಅದನ್ನು ತೆಗೆಯಲು ಕಕ್ಕಸು ತೊಳೆಯುವ ಆಸಿಡ್ ಬಂತು. ತೊಟ್ಟಿಯಲ್ಲಿ ಪಾಚಿ ಕಟ್ಟದಿರಲು ಬ್ಲೀಚಿಂಗ್ ಪುಡಿ ಬಂತು. ಹುಳುಮನೆಗೆಂದು ತಂದ ಪುಡಿ ಪ್ರತಿ ಊರಿನಲ್ಲೂ ಇದ್ದೇ ಇರುತ್ತದೆ.

ಮೇಲಧಿಕಾರಿಗಳು ಒಂದು ಚಾರ್ಟು ಬರೆದುಕೊಡಿ ಎಂದರು. ಪ್ರತಿ ರೀಲರ್ ಮನೆಯ ಗೋಡೆಗೆ ಹಾಕಿಸುವ ಯೋಚನೆ ಅವರದು, ಒಳ್ಳೆಯ ಯೋಚನೆಯೇ. ನಾನು ಕರಡು ಬರೆದೆ. ಒಂದು, ಆಸಿಡ್ ಹಾಕಿ ಉಪ್ಪನ್ನು ಕರಗಿಸಿ. ಎರಡು, ಮೂರು ಸಲ ನೀರು ಹಾಕಿ ತೊಳೆದು ಒಂದು ದಿನ ಒಣಗಲು ಬಿಡಿ. ಮೂರು, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ. ನಾಲ್ಕು, ಚೆನ್ನಾಗಿ ನೀರಿನಿಂದ ತೊಳೆಯಿರಿ.

ಅವರು ನೋಡಿ, "ಅಕ್ಷರ ದೊಡ್ಡದಾಗಿರಬೇಕು, ದೂರದಿಂದ ಕಾಣಬೇಕು. ಒಂದು ಸಾಲು ಕಡಿಮೆ ಮಾಡಿ" ಎಂದರು. ಯಾವ ಸಾಲು ಎಂದು ಅವರು ಹೇಳಲಿಲ್ಲ. ಎರಡನೆಯ ಸಾಲಿನಲ್ಲೂ ತೊಳೆಯುವುದು, ನಾಲ್ಕನೆಯದರಲ್ಲೂ ತೊಳೆಯುವುದು, ಒಂದೇ ಮಾತು ಎರಡು ಸಲ ಯಾಕೆ ಎಂದು ಎರಡನೆಯದನ್ನು ನಾನೇ ನೀಲಿ ಪೆನ್ನಿನಿಂದ ಹೊಡೆದು ಹಾಕಿದೆ. ಆ ಕರಡು ಕಾಗದ ಇನ್ನೂ ನನ್ನ ಹತ್ತಿರ ಇದೆ.

ಅದಕ್ಕಿಂತ ದೊಡ್ಡ ತಪ್ಪು ಮೊದಲನೆಯ ಸಾಲಿನಲ್ಲಿತ್ತು. ಕರಗಿಸಿ ಎಂದು ಬರೆದೆ. ಅರಗು ಕರಗುತ್ತದೆ, ಸಕ್ಕರೆ ಕರಗುತ್ತದೆ, ನಮ್ಮ ಜನ ಎಲ್ಲದಕ್ಕೂ ಅದೇ ಪದ ಹೇಳುತ್ತಾರೆ, ಹಾಗಾಗಿ ಆಸಿಡ್‌ಗೂ ಅದನ್ನೇ ಬಳಸಿದೆ. ಆದರೆ ಆಸಿಡ್ ಬಿದ್ದ ಬಿಳಿ ಪದರ ಕರಗುವುದಿಲ್ಲ. ಅದು ಬೇರೆ ವಸ್ತುವಾಗುತ್ತದೆ, ಗಾಳಿಯನ್ನು ಬಿಡುತ್ತದೆ, ಮತ್ತು ಮಿಕ್ಕ ಆಸಿಡ್ ಅಲ್ಲೇ ನೆಲದ ಮೇಲೆ ನಿಂತಿರುತ್ತದೆ. ಚಾರ್ಟು ಓದಿದವಳ ಕಣ್ಣಿಗೆ ಉಪ್ಪು ಕರಗಿತು, ಅಂದರೆ ಆಸಿಡ್ ಕೆಲಸ ಮುಗಿಯಿತು, ಹೋಯಿತು. ಸಕ್ಕರೆಗೆ ಮಾತ್ರ ಕರಗಿದ್ದು ಹೋಗಿಲ್ಲ ಎಂದು ಕಲಿಸಿದ್ದೆ.

ನಂಜಪ್ಪನ ಜಗುಲಿಯಲ್ಲಿ ಕೂತ ಆ ದಿನ ಅಮಾವಾಸ್ಯೆ. ಅವರ ಮನೆಯಲ್ಲಿ ಅಮಾವಾಸ್ಯೆಗೆ ಬೇಸಿನ್ನಿನ ಒಲೆ ಹಚ್ಚುತ್ತಿರಲಿಲ್ಲ, ಅದು ತೊಟ್ಟಿ ತೊಳೆಯುವ ದಿನ. ನಾನು ಮುಂದಿನ ವಾರದ ತರಬೇತಿಯ ಸುದ್ದಿ ಹೇಳಲು ಹೋಗಿದ್ದೆ. ಶೆಡ್ಡಿನೊಳಗಿನ ತೊಟ್ಟಿ ಆಳವಾಗಿತ್ತು, ಒಬ್ಬ ಮನುಷ್ಯ ನಿಂತರೆ ತಲೆ ಮಾತ್ರ ನೆಲದ ಮಟ್ಟಕ್ಕೆ ಬರುವಷ್ಟು. ಮೇಲೆ ಒಂದು ಚೌಕ ಬಾಯಿ. ಚಿಕ್ಕತಾಯಮ್ಮ ಗೋಡೆಯ ಚಾರ್ಟು ನೋಡಿಕೊಂಡೇ ಆಸಿಡ್ ಸುರಿದು, ಪೊರಕೆಯಿಂದ ಉಜ್ಜಿ, ಒಳಗೆ ಇಳಿದು, ಅಣ್ಣನ ಹುಳುಮನೆಯಿಂದ ತಂದ ಪುಡಿಯನ್ನು ಚೆಲ್ಲಿದ್ದಳು. ನೀರು ಟ್ಯಾಂಕರಿನಲ್ಲಿ ಬರಬೇಕಿತ್ತು. ಚಾರ್ಟು ಕೇಳದ ನೀರನ್ನು ಅವಳು ಯಾಕೆ ಖರ್ಚು ಮಾಡಿಯಾಳು?

ನಾವಿಬ್ಬರೂ ನಕ್ಕ ಮೇಲೆ ಒಳಗಿನಿಂದ ಕೆಮ್ಮು ಕೇಳಿತು. ಎರಡನೆಯ ಕೆಮ್ಮಿಗೆ ನನಗೆ ವಾಸನೆ ಬಂತು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೇ ಒಂದು ಸಲ ಜಾಡಿಯ ಮುಚ್ಚಳ ಸರಿಸಿ ಮೂಸಿದ್ದ ವಾಸನೆ. ಕ್ಲೋರಿನ್. ಲೋಟ ಬಿಟ್ಟು ಓಡಿದೆ. ತೊಟ್ಟಿಯ ತಳದಲ್ಲಿ ಹಳದಿ ಹಸಿರು ಹೊಗೆ ನೀರಿನ ಹಾಗೆ ನಿಂತಿತ್ತು, ಅವಳು ಅದರೊಳಗೆ ಕುಸಿದಿದ್ದಳು. ಅದು ಗಾಳಿಗಿಂತ ಭಾರ, ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದವನು ಮೇಲೆ ನಿಂತಿದ್ದೆ.

"ಇಳೀಬೇಡಿ ನಂಜಪ್ಪ! ಹಗ್ಗ, ಹಗ್ಗ ತನ್ನಿ!"

"ಅಗ್ಗ ತರೋಗಂಟ ಅವಳಿರ್ತಾಳಾ?" ಎಂದವನೇ ಧುಮುಕಿದ.

ಅವಳನ್ನು ಹೆಗಲ ಮೇಲೆ ಎತ್ತಿ ಕೊಟ್ಟ. ನಾನು ಮೂಗಿಗೆ ಒದ್ದೆ ಟವೆಲ್ ಸುತ್ತಿ ಕೈ ಹಿಡಿದು ಎಳೆದೆ. ಅವಳು ಮೇಲೆ ಬಂದಳು, ಆಮೇಲೆ ಅವನು ತಾನಾಗಿಯೇ ಗೋಡೆ ಹಿಡಿದು ಹತ್ತಿ ಬಂದ. ಕಣ್ಣು ಕೆಂಪಗಾಗಿತ್ತು. ಕೆಮ್ಮಿ ಕೆಮ್ಮಿ ಉಗುಳಿದ. ಎಚ್ಚರ ತಪ್ಪಿದ್ದ ಅವಳನ್ನು ಪಕ್ಕದ ಮನೆಯವರ ಆಟೋದಲ್ಲಿ ಕೂರಿಸಿ ನಾನೂ ಹತ್ತಿದೆ.

"ನೀವು ಓಗಿ ಸಾ. ನಾನು ಬಟ್ಟೆ ಬದ್ಲಾಯ್ಸ್ಕಂಡು, ಬಾಗ್ಲು ಆಕ್ಕಂಡು ಬತ್ತೀನಿ" ಎಂದ ನಂಜಪ್ಪ. ಆಟೋ ಹೊರಡುವಾಗ ಕಂಬಿ ಹಿಡಿದು ಕೇಳಿದ: "ನಂಗೇನೂ ಆಗಲ್ವಾ ಸಾ?"

"ಹೊರಗೆ ಬಂದಿರಲ್ಲ, ಇನ್ನೇನು? ಮರದ ಕೆಳಗೆ ಕೂತು ಒಳ್ಳೆ ಗಾಳಿ ತಗೊಳ್ಳಿ. ಒಳಗೆ ಹೋದದ್ದು ಹೊರಗೆ ಹೋಗುತ್ತೆ" ಎಂದೆ.

ರಸಾಯನಶಾಸ್ತ್ರ ಓದಿದವನು ಹೇಳಿದ ಮಾತು ಅದು. ಅರಗಿನ ಹಾಗೆ, ಸಕ್ಕರೆಯ ಹಾಗೆ, ಹೋದದ್ದು ಹೋದ ರೂಪದಲ್ಲೇ ತಿರುಗಿ ಬರುತ್ತದೆ ಎಂದುಕೊಂಡೆ. ಎದೆಯ ಒಳಗೆ ಒದ್ದೆ ಇರುತ್ತದೆ. ಅಲ್ಲಿ ಆ ಗಾಳಿ ಗಾಳಿಯಾಗಿ ಉಳಿಯುವುದಿಲ್ಲ, ಆಸಿಡ್ ಆಗುತ್ತದೆ. ಅವನು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದನಂತೆ, ಬಂದವರ ಹತ್ತಿರ "ಒಳ್ಳೆ ಸುಣ್ಣದ ಗೂಡಲ್ಲಿ ಬಿದ್ದಂಗಾಯ್ತು ಕಣ್ಲಾ" ಎಂದು ನಗಾಡಿದನಂತೆ. ಮೂರು ಗಂಟೆಗೆ ಉಸಿರು ಕಟ್ಟಿ ಬಾಯಲ್ಲಿ ನೊರೆ ಬಂತು, ಊರವರು ಆಸ್ಪತ್ರೆಗೆ ಹೊತ್ತು ತಂದರು. ಆಸ್ಪತ್ರೆಯ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಇವರನ್ನೂ ಅವರ ಜೊತೆಗೇ ತರಬೇಕಿತ್ತು. ಚೆನ್ನಾಗಿ ಕಾಣ್ತಾರೆ ಅಂತ ಬಿಡಬಾರದು" ಎಂದರು. ಅವರು ಬೈಯಲಿಲ್ಲ. ಮರುದಿನ ಮಧ್ಯಾಹ್ನ ನಂಜಪ್ಪ ಹೋದ. ಚಿಕ್ಕತಾಯಮ್ಮನಿಗೆ ಅದನ್ನು ಹೇಳಿದ್ದು ಮೂರು ದಿನ ಬಿಟ್ಟು.

ವರದಿ ಬರೆಯಬೇಕಾಯಿತು. "ಕುಟುಂಬದವರ ಅಜಾಗರೂಕತೆ" ಎಂಬ ಎರಡು ಪದ ಮೊದಲೇ ಬರೆದಿಟ್ಟ ಕರಡು ನನ್ನ ಮೇಜಿಗೆ ಬಂತು. ಮೇಲಧಿಕಾರಿಗಳು ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರು.

"ಚಾರ್ಟಿನ ವಿಷಯ ಯಾರಾದರೂ ಎತ್ತಿದರಾ?"

"ಇಲ್ಲ ಸಾರ್."

"ನೀವೂ ಎತ್ತಬೇಡಿ. ನಿಮಗೆ ಇನ್ನು ನಾಲ್ಕು ತಿಂಗಳು ಸರ್ವೀಸು. ಎತ್ತಿದರೆ ಹೋದವರು ಬರ್ತಾರಾ?"

ನಾನು ಸಹಿ ಹಾಕಿದೆ. ನಾಲ್ಕು ತಿಂಗಳ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರು, ಇವರು ಬರೆದ ಚಾರ್ಟು ಇವತ್ತಿಗೂ ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲಿದೆ ಎಂದರು. ಚಪ್ಪಾಳೆ ಬಿತ್ತು.

ನನ್ನ ನಿದ್ದೆ ಕೆಟ್ಟದ್ದು ಅಮಾವಾಸ್ಯೆಯ ಆ ದಿನದಿಂದ. ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೆ ನಂಜಪ್ಪ ಕನಸಿನಲ್ಲಿ ಬಂದು ಆಟೋದ ಕಂಬಿ ಹಿಡಿದುಕೊಳ್ಳುತ್ತಿದ್ದ. ನನ್ನ ಬಾಯಿಂದ ಬೇರೆ ಉತ್ತರ ಹೊರಡಿಸಲು ನೋಡುತ್ತಿದ್ದೆ. ಹತ್ತಿ ಕೂತ್ಕೊಳ್ಳಿ ನಂಜಪ್ಪ, ಅಷ್ಟೇ ಹೇಳಬೇಕಿತ್ತು, ಅದು ಹೊರಡುತ್ತಿರಲಿಲ್ಲ. ಅದರ ನಡುವೆ ಸುದ್ದಿಯೂ ಕಿವಿಗೆ ಬಿತ್ತು. ಚಿಕ್ಕತಾಯಮ್ಮ ಗಂಡನನ್ನು ತಿಂದುಬಿಟ್ಟಳು ಎಂದು ಊರ ನಲ್ಲಿಯ ಹತ್ತಿರ ಹೆಂಗಸರು ಅನ್ನುತ್ತಿದ್ದಾರೆ, ಅವಳೂ ಹಾಗೆಯೇ ನಂಬಿಕೊಂಡು ಮನೆಯಿಂದ ಹೊರಗೆ ಬರುವುದಿಲ್ಲ ಎಂದು. ಇನ್ನು ಸುಮ್ಮನಿದ್ದರೆ ಆ ಹೆಂಗಸು ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೇ ಸಾಯುತ್ತಾಳೆ ಎನಿಸಿತು. ಕರಡು ಕಾಗದ ತೆಗೆದುಕೊಂಡು ಹೋದೆ.

ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಿತ್ತು.

"ಬನ್ನಿ ಸಾ. ಕಾಫಿ ಕಾಯ್ಸಕ್ಕಾಗಕಿಲ್ಲ. ಒಲೆ ಒಗೆ ತಡೆಯಲ್ಲ ನಂಗೆ."

ಕಾಗದ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಎರಡನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಇದ ಒಡೆದಾಕಿರೋರು ಯಾರು?"

"ನಾನೇ."

"ಇದು ಇದ್ದಿದ್ರೆ ನಾನು ತೊಳ್ದಿರ್ತಿದ್ದೆ."

"ಹೌದು."

ಅವಳು ಪಕ್ಕದ ಮನೆಯ ಕಡೆ ತಿರುಗಿದಳು. "ನನ್ನೆಡ್ತಿ ಓದ್ದೋಳು ಅಂತ ಅವ್ರು ಎಲ್ಲಾರ್ ತಾವೂ ಯೋಳ್ಕೊಂಡು ತಿರುಗ್ತಿದ್ರು ಸಾ. ಪಕ್ಕದ ಮನೆಯೋಳಿಗೆ ಓದಕ್ ಬರಲ್ಲ. ಅವಳು ಯಾವುದಾಕಿದ್ರೂ ಮೊದ್ಲು ನೀರ್ ಉಯ್ದು ತೊಳೀತಾಳೆ. ಅವಳ ಗಂಡ ಅಗೋ, ಬೀಡಿ ಸೇದ್ತಾ ಕೂತವ್ನೆ ನೋಡಿ."

ನಾನು ನೋಡಲಿಲ್ಲ.

"ಅವ್ರು ನಿಮ್ಮನ್ನ ಏನೋ ಕೇಳಿದ್ರಂತಲ್ಲ, ಆಟೋ ತಾವ."

ಅದನ್ನೂ ಹೇಳಿದೆ. ನಾನು ಏನೆಂದೆ ಎನ್ನುವುದನ್ನೂ, ಪದ ಬಿಡದೆ. ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಎದ್ದು ಹೋಗಲೋ ಎಂದುಕೊಳ್ಳುವಷ್ಟರಲ್ಲಿ ಅಲ್ಲಿಂದಲೇ ಮಾತಾಡಿದಳು.

"ಇಷ್ಟು ದಿನ ಎಲ್ಲೋಗಿದ್ರಿ? ಈಗ ನಂಗೊಬ್ಳಿಗೆ ಯೋಳಿದ್ರೆ ಏನ್ ಬಂತು? ಅಲ್ಲಿ, ನಲ್ಲಿ ತಾವ ಓಗಿ ಯೋಳಿ."

ಹೋದೆ. ಬಿಂದಿಗೆ ಸಾಲು ಇಟ್ಟುಕೊಂಡು ಆರೇಳು ಹೆಂಗಸರು ನಿಂತಿದ್ದರು. ಚಿಕ್ಕತಾಯಮ್ಮ ಗೋಡೆಯಲ್ಲಿ ಬರೆದದ್ದನ್ನು ಬರೆದಂತೆ ಮಾಡಿದಳು, ತಪ್ಪು ಬರೆದವನು ನಾನು, ಆಸ್ಪತ್ರೆಗೆ ಬರುತ್ತೇನೆ ಎಂದವನನ್ನು ಬಿಟ್ಟು ಹೋದವನೂ ನಾನು ಎಂದೆ. ಒಬ್ಬಳು ನಲ್ಲಿ ನಿಲ್ಲಿಸಿದಳು. ವಯಸ್ಸಾದವಳೊಬ್ಬಳು "ಓದ್ದೋರು" ಎಂದು ಮಾತ್ರ ಹೇಳಿ ನೆಲಕ್ಕೆ ಉಗುಳಿದಳು.

ತಿರುಗಿ ಬಂದಾಗ ಚಿಕ್ಕತಾಯಮ್ಮ ಕೇಳಿದಳು: "ಆ ಚಾರ್ಟು ಇನ್ನೂ ಎಷ್ಟು ಮನೇಲೈತೆ?"

ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ನಿದ್ದೆ, ನನ್ನ ತಪ್ಪು ಎಂದುಕೊಂಡು ಕೂತಿದ್ದೆ. ಅಷ್ಟು ತಿಂಗಳೂ ಆ ಮೂರು ಸಾಲು ಅಷ್ಟೂ ಗೋಡೆಗಳ ಮೇಲೆ ಮುಂದಿನ ಅಮಾವಾಸ್ಯೆಗೆ ಕಾಯುತ್ತಿದ್ದವು.

ಕಚೇರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಸ್ವೀಕರಿಸಿದ ಮೊಹರು ಬಿತ್ತು, ಅಷ್ಟೇ. ಹಾಗಾಗಿ ಬಸ್ಸು ಹತ್ತಿದೆ. ರಾಮನಗರದ ಸಂದಿಗಳು, ಚನ್ನಪಟ್ಟಣದ ಹಳ್ಳಿಗಳು, ಆಮೇಲೆ ಮಾಗಡಿ. ಕೆಲವರು ಕೇಳಿದ ಕೂಡಲೇ ಕಿತ್ತು ಕೊಟ್ಟರು. ಒಬ್ಬ, "ಇರ್ಲಿ ಬುಡಿ ಸಾ, ಗೋಡೆ ತೂತು ಮುಚ್ಚೈತೆ" ಎಂದ. ಕನಕಪುರದಲ್ಲಿ ನನ್ನ ಹಳೆಯ ರೀಲರ್ ಮುದುಕರಾಗಿದ್ದರು. "ಏನ್ ಹತ್ತಿ ಸಾಹೇಬ್ರೇ, ಈಗ ಇನ್ನೇನ ಹತ್ತಿ ಮಾಡಕ್ ಬಂದ್ರಿ?" ಎಂದು ನಕ್ಕರು. ಹೇಳಿದೆ. ನಗು ನಿಂತಿತು. ಸ್ಟೂಲು ಹಾಕಿಕೊಂಡು ತಾವೇ ಹತ್ತಿ ಚಾರ್ಟು ಇಳಿಸಿದರು.

ಅದರ ಜಾಗಕ್ಕೆ ಹಾಕಲು ಹೊಸದನ್ನು ಬರೆದಿದ್ದೆ. ಮೊದಲು ಚಿಕ್ಕತಾಯಮ್ಮನಿಗೆ ತೋರಿಸಿದೆ. ರಾಸಾಯನಿಕ ಕ್ರಿಯೆ ಜರುಗಿ ವಿಷಾನಿಲ ಉತ್ಪತ್ತಿಯಾಗುವ ಸಂಭವವಿದೆ ಎಂದಿತ್ತು. ಅವಳು ಓದಿ, "ಇದ ಓದಿ ಮುಗ್ಸೋದ್ರೊಳ್ಗೆ ಸತ್ತೋಯ್ತಾರೆ" ಎಂದಳು. ಅವಳು ಹೇಳಿದಂತೆ ಬರೆದೆ. ಮೂವತ್ತು ವರ್ಷದಲ್ಲಿ ನಾನು ಜನರ ಮಾತಿನಲ್ಲಿ ಬರೆದ ಮೊದಲ ಚಾರ್ಟು ಅದೇ.

ಆಸಿಡ್ಡೂ ಬ್ಲೀಚಿಂಗ್ ಪುಡಿಯೂ ಒಂದಕ್ಕೊಂದು ತಾಗಬಾರದು. ಕರಗ್ತು ಅಂದ್ರೆ ಹೋಯ್ತು ಅಂತಲ್ಲ. ಒಲೆ ಇಲ್ಲದೆ ಕುದಿದರೆ ಬಿಟ್ಟು ಓಡಿ. ಹೊಗೆ ಕುಡಿದವರು ನಗ್ತಾ ಇದ್ರೂ ಆಸ್ಪತ್ರೆಗೆ ಕರ್ಕೊಂಡೋಗಿ.

ಕೊನೆಯ ಸಾಲು ಹೇಳುವಾಗ ಅವಳು ಎರಡು ಸಲ ಉಸಿರು ಎಳೆದುಕೊಂಡಳು.

ಅವಳ ಶೆಡ್ಡಿನ ಗೋಡೆಯ ಚಾರ್ಟನ್ನು ಮಾತ್ರ ಕೊಡಲಿಲ್ಲ. ಕೇಳಿದಾಗಲೆಲ್ಲ "ಇರ್ಲಿ" ಎನ್ನುತ್ತಿದ್ದಳು. ಪ್ರತಿ ಸುತ್ತು ಮುಗಿಸಿ ಹೋದಾಗ "ಇನ್ನೆಷ್ಟು?" ಎಂದು ಕೇಳುತ್ತಿದ್ದಳು. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ, "ಇನ್ನೊಂದು" ಎಂದೆ.

ಅವಳು ಎದ್ದಳು. ಗೋಡೆ ಹಿಡಿದುಕೊಂಡು ಶೆಡ್ಡಿನವರೆಗೆ ನಡೆದಳು. ಅವತ್ತಿನಿಂದ ಅವಳು ಅಲ್ಲಿ ಕಾಲಿಟ್ಟಿರಲಿಲ್ಲವಂತೆ. ತೊಟ್ಟಿಯ ಬಾಯಿಗೆ ಚಪ್ಪಡಿ ಮುಚ್ಚಿತ್ತು.

"ಕೀಳಿ" ಎಂದಳು. ಮೊಳೆ ತುಕ್ಕು ಹಿಡಿದಿತ್ತು. ಕಿತ್ತೆ. ಗೋಡೆಯಲ್ಲಿ ಬಿಳಿಯ ಚೌಕ ಉಳಿಯಿತು. "ನಾನು ನಿಮ್ಮನ್ನ ಒಪ್ಕೊಂಡೆ ಅಂತಲ್ಲ ಸಾ" ಎಂದಳು. "ಗೊತ್ತು" ಎಂದೆ. "ಓಗಿ, ಬಸ್ ತಪ್ಪೋಯ್ತದೆ."

ಸುತ್ತಿದ ಚಾರ್ಟನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ಉಂಡು ಮಲಗಿದೆ. ನಂಜಪ್ಪ ಕಂಬಿ ಹಿಡಿಯಲು ಬಂದನೋ ಇಲ್ಲವೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಹಾಲಿನವನು ಬಂದು ಹೋಗಿದ್ದ, ಮನೆಯಾಕೆ ತಲೆದಿಂಬಿನ ಹತ್ತಿರ ಇಟ್ಟುಹೋಗಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಕೈಗಡಿಯಾರ ನೋಡಿದೆ. ಏಳು ಇಪ್ಪತ್ತು. ಎರಡು ನಿಮಿಷ ಕಳೆದೆ.